ಎರವಲು ಎದೆ

ಆಡಿನ ಹಾಲು ಕರೆಯುತ್ತ ಕೂತಿದ್ದ ಸಿರಿಯಕ್ಕನಿಗೆ ಕಿಬ್ಬೊಟ್ಟೆಯಲ್ಲಿ ಯಾರೋ ಬಟ್ಟೆ ಹಿಂಡಿದಂತಾಯಿತು. ಕೆಚ್ಚಲು ಬಿಟ್ಟು, ತಂಬಿಗೆಯನ್ನು ಗೋಡೆಯ ಪಕ್ಕಕ್ಕಿಟ್ಟು ಎದ್ದಳು. ಇದು ಬರೀ ನೋವು, ಇನ್ನೂ ಮುಟ್ಟಾಗಿಲ್ಲ. ಆದರೆ ನೋವಿನ ಬೆನ್ನಿಗೇ ಅದೂ ಬರುತ್ತದೆ. ಅಷ್ಟರೊಳಗೆ ಎದೆಗೆ ಅಂಟಿದ್ದನ್ನು ಕಿತ್ತು ಬಾಲಕ್ಕನಿಗೆ ಅಂಟಿಸಿ, ತಾನು ಹಟ್ಟಿಯ ಮುಳ್ಳುಬೇಲಿ ದಾಟಿ ಹೊರಗಿನ ಮನೆ ಸೇರಿಕೊಳ್ಳಬೇಕು.

“ಬಾಲೀ, ಏ ಬಾಲೀ...”

ಬಾಲಕ್ಕ ಅವಳ ಓರಗಿತ್ತಿ, ಮೈದುನನ ಹೆಂಡತಿ. ಮುದ್ದೆ ತಿರುವುತ್ತಿದ್ದ ಕೋಲನ್ನು ಹಾಗೇ ಬಿಟ್ಟು ಕುರಿರೊಪ್ಪದ ಸಂದಿಗೆ ಓಡಿಬಂದಳು.

“ಬಂತೇನಕ್ಕ?”

“ಬರ್ತಾ ಐತೆ. ಬೇಗ ಕುಪ್ಪಸ ಬಿಚ್ಚು.”

“ಕಟ್ಕಂಡ ಗಂಡನೂ ಇಷ್ಟು ಅವಸರ ಮಾಡಿರ್ಲಿಲ್ಲ ಕಣಕ್ಕ.”

ಸಿರಿಯಕ್ಕ ನಗಲಿಲ್ಲ. ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ಅತ್ತೆಗೆ ಕೇಳಿಸುತ್ತಿತ್ತು. ಬಲಗಡೆ ಎದೆಯ ಕೆಳಗಿಂದ ಪಟ್ಟಿಯನ್ನು ಸುಲಿದು ಬಾಲಕ್ಕನ ಮೈಗೆ ಒತ್ತಿದಳು. ಅಂಗೈಯಗಲದ ಬೂದುಬಣ್ಣದ ಪಟ್ಟಿ ಒಂದು ಸಲ ಗುಂಯ್ ಎಂದು ಸುಮ್ಮನಾಯಿತು. ಹೊಸ ಎದೆಯನ್ನು ಒಪ್ಪಿಕೊಂಡಿತ್ತು.

ಸರ್ಕಾರ ಅದಕ್ಕೆ ಇಟ್ಟ ಹೆಸರು ಎದೆಗಾವಲು. ಬಾವಲಿ ಸದ್ದು ಮಾಡಿ, ಆ ಸದ್ದು ಬಡಿದು ಬಂದದ್ದನ್ನು ಕೇಳಿ ಕತ್ತಲಲ್ಲಿ ದಾರಿ ಕಂಡುಕೊಳ್ಳುತ್ತದಲ್ಲ, ಇದೂ ಹಾಗೆಯೇ. ಮನುಷ್ಯರ ಕಿವಿಗೆ ಕೇಳಿಸದಷ್ಟು ಸಣ್ಣ ಸದ್ದನ್ನು ಎದೆಯೊಳಕ್ಕೆ ಬಿಟ್ಟು, ಮರಳಿ ಬಂದದ್ದರಿಂದ ಶ್ವಾಸಕೋಶದ ಚಿತ್ರ ಕಟ್ಟುತ್ತದೆ. ಚಿತ್ರ ಮೊದಲು ಮನೆಯಲ್ಲಿಟ್ಟ ಪೆಟ್ಟಿಗೆಗೆ ಬರುತ್ತದೆ, ಪೆಟ್ಟಿಗೆಯಿಂದ ದುರ್ಗದ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಓದಿ ಯಾರಿಗೆ ಯಾವ ಔಷಧಿ, ಯಾರಿಗೆ ಕತ್ತರಿ ಎಂದು ಆದೇಶ ಹೊರಡಿಸುವುದು ‘ನಿರ್ಣಯ’ ಎನ್ನುವ ಮಹಾಯಂತ್ರ. ಹಟ್ಟಿಯ ಜನ ಅದಕ್ಕೆ ನಿರ್ಣಯಪ್ಪ ಎನ್ನುತ್ತಿದ್ದರು. ಆ ಸೀಮೆಯ ದೇವರುಗಳ ಹಾಗೆಯೇ ಅದೂ ಕಣ್ಣಿಗೆ ಕಾಣುತ್ತಿರಲಿಲ್ಲ, ಎದುರು ಮಾತು ಕೇಳುತ್ತಿರಲಿಲ್ಲ.

ಸಿರಿಯಕ್ಕನ ಎರಡೂ ಶ್ವಾಸಕೋಶಗಳಲ್ಲಿ ಕಡಲೆ, ಅವರೆಕಾಳಿನ ಗಾತ್ರದ ಗಡ್ಡೆಗಳಿದ್ದವು. ಸೂಜಿ ಚುಚ್ಚಿ ಒಂದು ಚೂರು ತೆಗೆದಿದ್ದರು. ಅದರಲ್ಲಿ ಮಾಂಸಖಂಡದ ಜೀವಕೋಶಗಳು ಕಂಡವು. ಇಷ್ಟು ಗಡ್ಡೆ, ಇಷ್ಟು ಕಡೆ ಎಂದಮೇಲೆ ಮಾಂಸಖಂಡದ ಕ್ಯಾನ್ಸರೇ ಹರಡಿದೆ ಎಂದು ನಿರ್ಣಯಪ್ಪ ಹೇಳಿಬಿಟ್ಟ. ಆವತ್ತಿನಿಂದ ತಿಂಗಳು ತಿಂಗಳು ಔಷಧಿ ಹನಿಸುತ್ತಿದ್ದರು. ಕೂದಲು ಉದುರಿತು. ಬಾಯೊಳಗೆ ಹುಣ್ಣೆದ್ದು, ಉಪ್ಪು ಹಾಕಿದ ಸಾರು ಬೆಂಕಿಯಾಯಿತು. ಕೆಮ್ಮು ಮಾತ್ರ ಇದ್ದಂತೆಯೇ ಇತ್ತು.

ಪಟ್ಟಿ ಮೈಬಿಟ್ಟು ಸ್ವಲ್ಪ ಹೊತ್ತಾದರೆ ಸಾಕು, ಕೇಂದ್ರದಿಂದ ಕೂಗು ಬರುತ್ತಿತ್ತು. ಮತ್ತೆ ಮತ್ತೆ ಹಾಗಾದರೆ ‘ನಿರ್ಲಕ್ಷ್ಯ’ ಎಂದು ಬರೆದು ಚಿಕಿತ್ಸೆಯಿಂದಲೇ ಹೆಸರು ತೆಗೆಯುತ್ತಿದ್ದರು. ಹಟ್ಟಿಯ ಕಟ್ಟಳೆ ಬೇರೆ. ಮುಟ್ಟಾದ ಹೆಂಗಸು ಬೇಲಿಯ ಹೊರಗಿರಬೇಕು. ಅವಳೊಂದಿಗೆ ಹೋದ ವಸ್ತು ತೊಳೆಯದೆ ಒಳಗೆ ಬರುವಂತಿಲ್ಲ. ಪಟ್ಟಿಯ ಬೆನ್ನಿಗೆ ನೀರು ತಾಕಿಸಬೇಡಿ ಎಂದು ನರ್ಸಮ್ಮ ಹತ್ತು ಸಲ ಹೇಳಿದ್ದಳು. ಪೆಟ್ಟಿಗೆಯಂತೂ ದೇವರ ಗೂಡಿನ ಪಕ್ಕದಲ್ಲಿತ್ತು. ಮನೆಯಲ್ಲಿ ಪ್ಲಗ್ಗು ಇದ್ದದ್ದು ಅಲ್ಲೊಂದೇ ಕಡೆ. ಈ ತೊಡಕಿಗೆ ಓರಗಿತ್ತಿಯರಿಬ್ಬರೂ ಯಾರನ್ನೂ ಕೇಳದೆ ಒಂದು ದಾರಿ ಹುಡುಕಿಕೊಂಡಿದ್ದರು. ಪಟ್ಟಿಗೆ ಬೇಕಾದದ್ದು ಒಂದು ಎದೆ. ಆ ಮೂರು ದಿನ ಅದು ಬಾಲಕ್ಕನದಾದರೇನು?

“ಕೆಮ್ಮಬ್ಯಾಡ ಮತ್ತೆ, ಕೆಮ್ಮಿದ್ರೆ ಲೆಕ್ಕಕ್ಕೆ ಬರ್ತದೆ,” ಎಂದು ಸಿರಿಯಕ್ಕ ಎಚ್ಚರಿಸಿದಳು.

“ನಂಗೆಲ್ಲೀ ಕೆಮ್ಮು? ನಿನ್ನ ಮೈದುನ ಬೀಡಿ ಸೇದಿದ್ರೆ ಆಚೆ ಹೋಗಿ ಸೇದು ಅಂತೀನಿ, ಆಯ್ತಾ? ಹೋಗಕ್ಕ ನೀನು.”

ಹೊರಗಿನ ಮನೆ ಹಿಂದಿನ ಹಾಗೆ ಸೋಗೆಯ ಗುಡಿಸಲಾಗಿರಲಿಲ್ಲ. ಗಾರೆಯ ಕೋಣೆ, ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ, ಒಳಗೆ ಫ್ಯಾನು. ಹಟ್ಟಿಯ ಹುಡುಗಿಯರು ಅಲ್ಲಿ ಕೂತು ಫೋನಿನಲ್ಲಿ ಕಾಲೇಜಿನ ಪಾಠ ಕೇಳುತ್ತಿದ್ದರು. ಎಲ್ಲ ಬದಲಾಗಿತ್ತು, ಬೇಲಿಯೊಂದು ಬಿಟ್ಟು.

ಆ ಸಲ ಹೊರಗಿನಿಂದ ಬಂದು, ಮಿಂದು, ಪಟ್ಟಿ ಮರಳಿ ಕಟ್ಟಿಕೊಂಡ ಮೇಲೆ ಪೆಟ್ಟಿಗೆ ಮಾತಾಡಿತು. “ಸಿರಿಯಮ್ಮ, ನಾಳೆ ಕೇಂದ್ರಕ್ಕೆ ಬನ್ನಿ. ಜೊತೆಗೆ ಒಬ್ಬರು ಇರಲಿ.”

ಗಂಡ ಪಾತಣ್ಣ ಕುರಿ ಹೊಡೆದುಕೊಂಡು ಆಂಧ್ರದ ಗಡಿಯ ಕಡೆ ಹೋಗಿದ್ದ; ಬರುವುದು ಹುರುಳಿ ಕೊಯ್ಲಿಗೆ. ಬಾಲಕ್ಕ ಹೊರಟಳು.

ಕೇಂದ್ರದ ದೊಡ್ಡ ಕೋಣೆಯ ಗೋಡೆ ತುಂಬ ಎದೆಗಳು. ಜಿಲ್ಲೆಯ ಯಾವ ಯಾವ ಮೂಲೆಯಲ್ಲೋ ಹಿಟ್ಟು ನಾದುತ್ತಿರುವ, ಕಳೆ ಕೀಳುತ್ತಿರುವ, ಮಲಗಿರುವ ಹೆಂಗಸರ ಶ್ವಾಸಕೋಶಗಳು ಆ ಗೋಡೆಯ ಮೇಲೆ ತೆರೆಯುತ್ತ ಮುಚ್ಚುತ್ತ ಇದ್ದವು. ಬಾಲಕ್ಕ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು, ಗೋಡೆ ತನ್ನನ್ನು ಗುರುತು ಹಿಡಿದೀತು ಎನ್ನುವ ಹಾಗೆ.

ಡಾಕ್ಟರ್ ತಸ್ನೀಮ್ ಇನ್ನೂ ಚಿಕ್ಕ ವಯಸ್ಸಿನವಳು. ತಲೆವಸ್ತ್ರದ ಮೇಲಕ್ಕೆ ಕನ್ನಡಕ ಏರಿಸಿಕೊಂಡು, ಕುರ್ಚಿ ಎಳೆದು ಎದುರಿಗೆ ಕೂತಳು.

“ಮೊದಲು ಕೆಟ್ಟದ್ದು ಹೇಳಿಬಿಡ್ತೀನಿ ಸಿರಿಯಮ್ಮ. ಔಷಧಿ ಹಿಡೀತಿಲ್ಲ ಅಂತ ನಿರ್ಣಯ ಹೇಳ್ತಿದೆ. ಬಲಗಡೆ ಶ್ವಾಸಕೋಶದ ಕೆಳಗಿನ ಅರ್ಧ ತೆಗೆಯೋಕೆ ಆದೇಶ ಆಗಿದೆ. ಆಮೇಲೆ ಎಡಗಡೆ ನೋಡೋಣ ಅಂತಿದೆ.”

“ಅರ್ಧ ತೆಗೆದ್ರೆ ಕುರಿ ಹಿಂದೆ ಓಡಾಡಾಕೆ ಆಗ್ತದಾ ತಾಯಿ?”

“ಮನೆಯೊಳಗೆ ಓಡಾಡಬಹುದು.” ತಸ್ನೀಮ್ ಮಾತು ತಿರುಗಿಸಿದಳು. “ಆದರೆ ನನಗೆ ಇನ್ನೊಂದು ಕಂಡಿದೆ. ಇಲ್ಲಿ ನೋಡಿ.”

ಗೋಡೆಯ ಮೇಲೆ ಒಂದು ಎದೆ ದೊಡ್ಡದಾಯಿತು. ಅದರ ತುಂಬ ಕಪ್ಪು ಬೆಣಚುಕಲ್ಲುಗಳ ಹಾಗೆ ಗಡ್ಡೆಗಳು. ತಸ್ನೀಮ್ ಬೆರಳಾಡಿಸಿದಳು. ಮುಂದಿನ ಚಿತ್ರದಲ್ಲಿ ಒಂದೂ ಇರಲಿಲ್ಲ. ತೊಳೆದಿಟ್ಟ ಹಾಗಿತ್ತು ಎದೆ.

“ಪ್ರತಿ ತಿಂಗಳೂ ಹೀಗೇ. ಕೆಲವು ದಿನ ಗಡ್ಡೆಗಳು ಮಾಯ. ಆಮೇಲೆ ಅದೇ ಜಾಗದಲ್ಲಿ ಮತ್ತೆ ಬಂದು ಕೂತಿರ್ತವೆ. ನಿರ್ಣಯ ಇದನ್ನ ಪಟ್ಟಿಯ ದೋಷ ಅಂತ ತಳ್ಳಿಹಾಕಿದೆ. ನನಗೆ ತಳ್ಳೋಕೆ ಮನಸ್ಸಾಗಲಿಲ್ಲ. ಒಂದು ಮಾತು ಕೇಳ್ತೀನಿ, ನಾಚಿಕೋಬೇಡಿ. ಆ ದಿನಗಳಲ್ಲೇ ನೀವು ಮುಟ್ಟಾಗೋದಾ?”

ಬಾಲಕ್ಕನ ಉಗುರು ಸಿರಿಯಕ್ಕನ ತೋಳಿಗೆ ನಾಟಿತು.

“ಹೂಂ,” ಎಂದಳು ಸಿರಿಯಕ್ಕ.

ತಸ್ನೀಮಳ ಮುಖ ಅರಳಿತು. “ಹಿಂದೆ ಗರ್ಭಕೋಶದ ಗಡ್ಡೆ ಏನಾದರೂ ತೆಗೆಸಿದ್ದಿರಾ?”

“ತೆಗೆಸಿದ್ದೆ. ನಾರುಗಡ್ಡೆ ಅಂದ್ರು. ಹೊಟ್ಟೆ ಕೊಯ್ಯಲಿಲ್ಲ. ಸಣ್ಣ ತೂತು ಹಾಕಿ, ಒಳಗೇ ಚೂರು ಮಾಡಿ ಎಳಕಂಡ್ರು.”

“ಆ ಚೂರುಗಳಲ್ಲಿ ಒಂದೆರಡು ರಕ್ತಕ್ಕೆ ಸೇರಿ, ಎದೆಗೆ ಹೋಗಿ, ಅಲ್ಲೇ ಬೇರು ಬಿಟ್ಟಿರಬಹುದು. ಬಲು ಅಪರೂಪ, ಆದರೂ ಉಂಟು. ನೋಡೋಕೆ ಕ್ಯಾನ್ಸರ್ ಥರಾನೇ ಇರುತ್ತೆ, ಆದರೆ ಅಲ್ಲ. ಬೇಲಿ ಹಾರಿ ಇನ್ನೊಬ್ಬರ ಹೊಲ ನುಗ್ಗಿದ ಆಡು, ಆಡೇ ತಾನೆ? ತೋಳ ಆಗಲ್ಲ. ಹೆಣ್ಣಿನ ಮೈಯ ಹಾರ್ಮೋನು ಉಂಡು ಅದು ಬೆಳೆಯುತ್ತೆ. ತಿಂಗಳಿಗೊಮ್ಮೆ ಹಾರ್ಮೋನು ಇಳಿದಾಗ ಅದೂ ಇಳಿಯುತ್ತೆ. ನಿಮ್ಮಲ್ಲಿ ಪೂರ್ತಿ ಕರಗ್ತಿದೆ! ಇಷ್ಟು ಕರಗಿದ್ದನ್ನ ನಾನು ಎಲ್ಲೂ ಓದಿಲ್ಲ. ನಾನು ಈ ಆದೇಶಕ್ಕೆ ತಡೆ ಹಾಕ್ತೀನಿ. ಕತ್ತರಿಯೂ ಬೇಡ, ಈ ಸುಡುಗಾಡು ಔಷಧಿಯೂ ಬೇಡ. ಹಾರ್ಮೋನು ನಿಲ್ಲಿಸೋ ಸೂಜಿ ಸಾಕು.”

ಸಿರಿಯಕ್ಕ ಗೋಡೆಯ ಮೇಲಿನ ಶುಭ್ರವಾದ ಎದೆಯನ್ನೇ ನೋಡುತ್ತಿದ್ದಳು. ಅದು ಯಾರದೆಂದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ತಸ್ನೀಮ್ ಅವಳ ಎರಡೂ ಕೈ ಹಿಡಿದುಕೊಂಡು ನಗುತ್ತಿದ್ದಳು.

ಬಸ್ಸಿಳಿದು ಹಟ್ಟಿಯ ದಾರಿ ಹಿಡಿದ ಮೇಲೆ ಬಾಲಕ್ಕನೇ ಮೊದಲು ಮಾತಾಡಿದಳು. “ದ್ಯಾವ್ರು ದೊಡ್ಡೋನು ಕಣಕ್ಕ. ಕತ್ತರಿ ತಪ್ತು.”

“ಯಾವ ದ್ಯಾವ್ರು? ಆ ಎದೆ ನಿಂದು.”

“ಯಾರದಾದ್ರೇನು? ತಪ್ತಲ್ಲ.”

“ನನ್ನ ಎದೇಲಿ ಇರೋದು ನಿಜವಾಗ್ಲೂ ಕ್ಯಾನ್ಸರ್ ಆಗಿದ್ರೆ? ಅವಳು ಬರೀ ಸೂಜಿ ಹಾಕ್ತಾಳೆ. ಅದು ಒಳಗೇ ತಿಂತಾ ಹೋಗ್ತದೆ.”

ಬಾಲಕ್ಕ ಜಾಲಿಮರದ ನೆರಳಲ್ಲಿ ನಿಂತುಬಿಟ್ಟಳು. “ಹೇಳ್ದೆ ಅನ್ನು. ಏನಾಗ್ತದೆ? ನಿನ್ನ ಅರ್ಧ ಎದೆ ಕೊಯ್ತಾರೆ. ಸರ್ಕಾರಕ್ಕೆ ಮೋಸ ಮಾಡಿದ್ದು ಅಂತ ನನ್ನ ಎಳ್ಕಂಡು ಹೋಗ್ತಾರೆ. ಅತ್ಯಮ್ಮಂಗೆ ಗೊತ್ತಾದ್ರೆ ಇಬ್ರನ್ನೂ ಬೇಲಿ ಆಚೆಗೇ ಇಡ್ತದೆ. ಸುಮ್ಕಿರಕ್ಕ. ನಿನ್ನ ಕಾಲು ಹಿಡೀತೀನಿ.”

ಸಿರಿಯಕ್ಕ ಸುಮ್ಮನಿದ್ದಳು. ಆವತ್ತೂ ಸುಮ್ಮನಿದ್ದಳು, ಮರುದಿನವೂ ಸುಮ್ಮನಿದ್ದಳು. ಕುರಿಮರಿಗಳಿಗೆ ಸೊಪ್ಪು ಕಟ್ಟಿದಳು, ರೊಪ್ಪ ಗುಡಿಸಿದಳು. ಕತ್ತರಿಯೂ ಬೇಡ ಔಷಧಿಯೂ ಬೇಡ ಎನ್ನುವ ಮಾತು ಬಾಯಲ್ಲಿಟ್ಟ ಬೆಲ್ಲದ ಹಾಗಿತ್ತು. ನುಂಗಲೂ ಆಗದು, ಉಗುಳಲೂ ಆಗದು. ಸುಮ್ಮನಿದ್ದರೆ ಬದುಕಬಹುದು, ಇಲ್ಲವೇ ಸುಮ್ಮನಿದ್ದದ್ದಕ್ಕೇ ಸಾಯಬಹುದು. ಹೇಳಿದರೆ ಕೊಯ್ಯುತ್ತಾರೆ, ಕೊಯ್ದ ಮೇಲೆ ಬದುಕು ಎನ್ನುವುದು ಅಂಗಳದಷ್ಟೇ ಉಳಿಯುತ್ತದೆ. ಯಾವ ಕಡೆ ತಿರುಗಿದರೂ ಮುಳ್ಳು.

ಕೊನೆಗೆ ಅವಳನ್ನು ಅಲುಗಿಸಿದ್ದು ತಸ್ನೀಮಳ ನಗು. ತನ್ನ ಕೈ ಹಿಡಿದು, ತನ್ನದಲ್ಲದ ಎದೆ ನೋಡಿ ಅಷ್ಟು ಸಂತೋಷಪಟ್ಟಿದ್ದಳಲ್ಲ ಆ ಹುಡುಗಿ. ಅತ್ತೆ ಹುಣಿಸೆಹಣ್ಣು ಬಡಿಯಲು ಹೋದ ಮಧ್ಯಾಹ್ನ ದೇವರ ಗೂಡಿನ ಪಕ್ಕ ಕೂತು ಪೆಟ್ಟಿಗೆಯ ಗುಂಡಿ ಒತ್ತಿದಳು. ಬಾಗಿಲಲ್ಲಿ ನಿಂತ ಬಾಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಡಾಕ್ಟ್ರಮ್ಮ, ನಾನು ಸಿರಿಯಮ್ಮ. ಆ ಶುಭ್ರವಾದ ಎದೆ ನಂದಲ್ಲ.”

ನೋವು ಬಂದಾಗ ಪಟ್ಟಿ ಬಿಚ್ಚಿ ಕೊಟ್ಟದ್ದರಿಂದ ಹಿಡಿದು ಎಲ್ಲವನ್ನೂ ಹೇಳಿ ಮುಗಿಸಿದಳು.

“ಅದಕ್ಕೇ ಆ ದಿನಗಳಲ್ಲಿ ಗುಂಡಿಗೆ ಅಷ್ಟು ಗಟ್ಟಿಯಾಗಿ ಬಡೀತಿತ್ತು,” ಎಂದಿತು ತಸ್ನೀಮಳ ದನಿ. “ಔಷಧಿಯ ಸುಸ್ತು ಇಳಿದ ಹುರುಪು ಅಂದುಕೊಂಡಿದ್ದೆ.” ಆಮೇಲೆ ದನಿ ಏರಿತು. “ನಿಮಗೆ ಹುಡುಗಾಟವಾ ಇದು? ನಿಮ್ಮ ಎದೆ ನೋಡ್ಕೊಳ್ಳಲಿ ಅಂತ ಕೊಟ್ಟರೆ ಮನೆಮಂದಿಗೆಲ್ಲ ಕಟ್ತೀರಾ? ನಿರ್ಣಯದ ಎದುರು ನಾನು ವಾದ ಮಾಡಿ ಬಂದಿದ್ದೀನಿ!”

“ಬಯ್ಯಿರಿ ತಾಯಿ. ಬಯ್ಯೋದು ಮುಗಿದ ಮೇಲೆ ಏನು ಮಾಡಬೇಕು ಹೇಳಿ. ಬಾಲೀನ ಮಾತ್ರ ಏನೂ ಮಾಡಬ್ಯಾಡಿ.”

ತಸ್ನೀಮ್ ಅಂದು ಮತ್ತೇನೂ ಹೇಳಲಿಲ್ಲ. ಸಂಜೆ ಪೆಟ್ಟಿಗೆಯಲ್ಲಿ ಬಂದದ್ದು ನಿರ್ಣಯದ ದನಿ, ಏರಿಳಿತವಿಲ್ಲದ್ದು. ತಡೆ ತೆರವಾಗಿದೆ. ಮುಂದಿನ ಅಮಾವಾಸ್ಯೆಯ ಮರುದಿನ ಗಾಡಿ ಬರುತ್ತದೆ. ಬರದಿದ್ದರೆ ಚಿಕಿತ್ಸೆಯಿಂದ ಹೆಸರು ತೆಗೆಯಲಾಗುತ್ತದೆ.

ಬೆಳಗ್ಗೆ ತಸ್ನೀಮ್ ತಾನೇ ಕರೆದಳು. ರಾತ್ರಿ ನಿದ್ದೆ ಮಾಡಿದ ದನಿಯಲ್ಲ. “ಸಿರಿಯಮ್ಮ, ನನ್ನ ಅನುಮಾನ ಹುಟ್ಟಿದ್ದು ಸುಳ್ಳು ಚಿತ್ರದಿಂದ. ಅಂದಮಾತ್ರಕ್ಕೆ ಅನುಮಾನವೇ ಸುಳ್ಳು ಅಂತಲ್ಲ. ನಿಮ್ಮ ಗರ್ಭಕೋಶದ ಗಡ್ಡೆ ಚೂರು ಮಾಡಿ ತೆಗೆದದ್ದು ನಿಜ ತಾನೆ? ನಮ್ಮ ಹತ್ತಿರ ಎಲ್ಲ ದಿನಗಳ ಲೆಕ್ಕ ಇದೆ, ನೀವು ಹೊರಗಿದ್ದ ದಿನಗಳದ್ದು ಮಾತ್ರ ಇಲ್ಲ. ನಮಗೆ ಬೇಕಾದದ್ದು ಅವೇ ದಿನ. ಪೂರ್ತಿ ಕರಗೋದು ಬೇಡ, ಕೂದಲೆಳೆಯಷ್ಟು ಇಳಿದರೂ ಪಟ್ಟಿಗೆ ಗೊತ್ತಾಗುತ್ತೆ. ಈ ಸಲ ಅದನ್ನ ಕಟ್ಕೊಂಡೇ ಹೊರಗೆ ಹೋಗಿ. ಪೆಟ್ಟಿಗೆಯನ್ನೂ ತಗೊಂಡು ಹೋಗಿ, ಬೇಲಿಯಾಚೆಯಿಂದ ಒಳಗಿನ ಪೆಟ್ಟಿಗೆಗೆ ಎಟಕಲ್ಲ.”

“ಇಳೀಲಿಲ್ಲ ಅಂದ್ರೆ?”

“ಇಳೀಲಿಲ್ಲ ಅಂದ್ರೆ ನಾನೇ ನಿಂತು ಆಪರೇಷನ್ ಮಾಡಿಸ್ತೀನಿ.”

ಅಲ್ಲಿಂದ ಮುಂದಿನ ದಿನಗಳು ಎಳೆದರೂ ಸರಿಯಲಿಲ್ಲ. ಔಷಧಿಯ ದೆಸೆಯಿಂದ ಮುಟ್ಟಿನ ಲೆಕ್ಕ ಹಿಂದುಮುಂದಾಗಿತ್ತು. ಗಾಡಿ ಬರುವುದರೊಳಗೆ ಅದು ಬರುತ್ತದೋ ಇಲ್ಲವೋ. ಹೆಂಗಸಾಗಿ ಹುಟ್ಟಿದ ಮೇಲೆ ಅದು ಬರಲಿ ಎಂದು ಇಷ್ಟು ಬೇಡಿಕೊಂಡದ್ದು ಇದೇ ಮೊದಲು. ಬಾಲಕ್ಕ ಎಳ್ಳು ಬೆಲ್ಲ ಕುಟ್ಟಿ ತಿನ್ನಿಸಿದಳು, ಪಪ್ಪಾಯಿ ತರಿಸಿದಳು. “ಬಸುರಿ ಬಯಕೆ ತೀರಿಸ್ತಾರೆ, ನಾನು ಇದರ ಬಯಕೆ ತೀರಿಸ್ತಿದೀನಿ ನೋಡು,” ಎಂದು ನಗಿಸಲು ನೋಡಿದಳು.

ಅತ್ತೆಗೆ ಹೇಳಲೇಬೇಕಾಯಿತು. ಪೆಟ್ಟಿಗೆ ಹೊರಡುವುದನ್ನು ಮುಚ್ಚಿಡುವಂತಿರಲಿಲ್ಲ. ಈರಜ್ಜಿ ಜಗಲಿಯ ಮೇಲೆ ಕೂತು ತಕಲಿಯಲ್ಲಿ ಕುರಿಯ ಉಣ್ಣೆ ನೂಲುತ್ತಿದ್ದಳು. ಸೊಸೆ ಹೇಳಿದ್ದನ್ನೆಲ್ಲ ಕೇಳಿಯೂ ತಕಲಿ ನಿಲ್ಲಿಸಲಿಲ್ಲ.

“ಮುಟ್ಟಾಗೋ ಹೊತ್ತಿಗೆ ಬಿಚ್ಚಿ ಕೊಟ್ಟಿದ್ದಾ, ಆದ ಮೇಲಾ?”

“ಆಗೋಕೆ ಮುಂಚೆ ಅತ್ಯಮ್ಮ. ನೋವು ಬಂದಾಗ್ಲೇ.”

“ಅಷ್ಟಾದ್ರೂ ಬುದ್ಧಿ ಇಟ್ಕಂಡಿದ್ರಲ್ಲ.” ನೂತ ಎಳೆಯನ್ನು ತಕಲಿಗೆ ಸುತ್ತಿಕೊಂಡಳು. “ಪೆಟ್ಟಿಗೆ ತಗಂಡು ಹೋಗು. ಹೋಗಿದ್ದು ತಿರುಗಿ ಒಳಗೆ ಬರೋಂಗಿಲ್ಲ. ಅಲ್ಲೇ ಇರ್ಲಿ. ಇನ್ನ ಯಾರಿಗೆ ಬೇಕಾದ್ರೂ ಅಲ್ಲೇ ಕೂತು ಮಾತಾಡ್ಲಿ ನಿಮ್ಮ ನಿರ್ಣಯಪ್ಪ.”

ಅಮಾವಾಸ್ಯೆಯ ಹಿಂದಿನ ದಿನವೂ ಏನೂ ಆಗಲಿಲ್ಲ. ಸಿರಿಯಕ್ಕ ಆಸ್ಪತ್ರೆಗೆಂದು ಎರಡು ಸೀರೆ ಮಡಚಿಟ್ಟಳು. ಪಾತಣ್ಣನಿಗೆ ಫೋನು ಮಾಡಿದರೆ ಬರೀ ಕುರಿಗಳ ಸದ್ದು ಕೇಳಿ ಕಡಿದುಹೋಯಿತು. ಅಮಾವಾಸ್ಯೆಯ ಬೆಳಗ್ಗೆ, ನೀರು ಸೇದುತ್ತಿದ್ದಾಗ, ಮುನ್ಸೂಚನೆಯೂ ಇಲ್ಲದೆ ಬಂದುಬಿಟ್ಟಿತು. ಅವಳು ಕೊಡವನ್ನು ಅಲ್ಲೇ ಬಿಟ್ಟು ಬೇಲಿಯ ಕಡೆ ನಡೆದಳು. ಬಾಲಕ್ಕ ಪೆಟ್ಟಿಗೆ ತಂದು ಗಡಿಯ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಹೊರಗಿನ ಮನೆಯಲ್ಲಿ ಆ ದಿನ ಬೇರೆ ಯಾರೂ ಇರಲಿಲ್ಲ. ಪೆಟ್ಟಿಗೆಯನ್ನು ಫ್ಯಾನಿನ ಪ್ಲಗ್ಗಿಗೆ ಸಿಕ್ಕಿಸಿ, ಸೆಕೆಯಲ್ಲಿ ಕೂತಳು. ಹೊಟ್ಟೆ ಹಿಂಡಿದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದಳು, ಒಳಗಿನದು ಕೈಗೆ ತಿಳಿಯುವಂತೆ. ಸಂಜೆ ತಸ್ನೀಮ್ ಮಾತಾಡಿದಳು.

“ಇನ್ನೂ ಏನೂ ಇಲ್ಲ. ಇದ್ದಂಗೇ ಇವೆ. ನಾಳೆ ನೋಡೋಣ.”

“ನಾಳೆ ಗಾಡಿ ಬರ್ತದಲ್ಲ ತಾಯಿ.”

“ಹೌದು. ತಡೆಯೋಕೆ ನನ್ನ ಕೈಲಿ ಏನೂ ಇಲ್ಲ. ಒಂದು ಸಲ ತಡೆದು ಸುಳ್ಳಿಯಾದೆ.”

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಬಿಳಿಯ ಗಾಡಿ ಹಟ್ಟಿಯ ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಬಂತು. ಚಾಲಕ ಇಳಿದ, ಹಿಂದಿನಿಂದ ಸ್ಟ್ರೆಚರ್ ಹಿಡಿದ ಇಬ್ಬರು ಇಳಿದರು. ಕಿಟಕಿಯ ಸರಳಿನ ಹಿಂದಿನಿಂದ ಸಿರಿಯಕ್ಕ ನೋಡುತ್ತಿದ್ದಳು. ಅವರು ಹಟ್ಟಿಯಲ್ಲಿ ವಿಚಾರಿಸಿ, ಬೇಲಿಯ ಗುಂಟ ಹೊರಗಿನ ಮನೆಯ ಕಡೆಗೇ ತಿರುಗಿದರು. ಅವಳು ಪಟ್ಟಿಯ ಮೇಲೆ ಕೈ ಒತ್ತಿ ಹಿಡಿದುಕೊಂಡಳು. ಈಗ ಎಬ್ಬಿಸಿಕೊಂಡು ಹೋದರೆ ಮುಗಿಯಿತು. ಔಷಧಿ ಮೈಗೇರಿಸುತ್ತಾರೆ, ಆಮೇಲೆ ಯಾವ ಗಡ್ಡೆ ಇಳಿದರೇನು, ಯಾರಿಗೆ ತಿಳಿಯುತ್ತದೆ?

ದಾರಿಗೆ ಅಡ್ಡಲಾಗಿ ಈರಜ್ಜಿ ಕೂತಿದ್ದಳು. ಕೋಲನ್ನು ಮಣ್ಣಿನ ಮೇಲೆ ಅಡ್ಡ ಇಟ್ಟುಕೊಂಡು, ತಕಲಿ ನೂಲುತ್ತ.

“ಯಾರಪ್ಪ?”

“ಕೇಂದ್ರದ ಗಾಡಿ ಅಜ್ಜಿ. ಸಿರಿಯಮ್ಮನ್ನ ಕರ್ಕಂಡು ಹೋಗಬೇಕು.”

“ಅವ್ಳು ಹೊರಗಾಗವ್ಳೆ. ಈಗ ಅವಳ್ನ ಮುಟ್ಟೋಂಗಿಲ್ಲ.”

“ಆಪರೇಷನ್ ಅಜ್ಜಿ, ಜೀವದ ವಿಷಯ.”

“ಜೀವದ ವಿಷಯಾನೇ. ಇವತ್ತು ಅವಳ್ನ ಮುಟ್ಟಿ ಗಾಡಿ ಹತ್ತಿಸಿದೋರು ಈ ಸೀಮೆ ದಾಟೋ ಹೊತ್ತಿಗೆ ಏನಾಗ್ತದೆ ಅಂತ ನಾನು ಹೇಳಾಕಿಲ್ಲ. ನಿಮ್ಮೂರು ಯಾವುದು?”

ಚಾಲಕ ಹೆಸರು ಹೇಳಿದ. ಎರಡು ಹರದಾರಿ ಆಚೆಯ ಹಟ್ಟಿ.

“ಹಂಗಾದ್ರೆ ನಿನಗೆ ನಾನೇನು ಹೇಳ್ಲಿ,” ಎಂದಳು ಈರಜ್ಜಿ. “ನಿಮ್ಮವ್ವನ್ನ ಕೇಳು.”

ಆತ ಟೋಪಿ ತೆಗೆದು ತಲೆ ಕೆರೆದುಕೊಂಡ. ಸ್ಟ್ರೆಚರಿನವರು ಹೋಗೋಣ ಎಂದರು, ಅವನು ಹೆಜ್ಜೆ ಕೀಳಲಿಲ್ಲ. ಹುಣಿಸೆಮರದ ನೆರಳಿಗೆ ಹೋಗಿ ಗಾಡಿಯ ಫೋನಿನಲ್ಲಿ ಕೇಂದ್ರಕ್ಕೆ ಹೇಳಿದ. ನಿರ್ಣಯದ ದನಿ ಹೊರಗಿನ ಮನೆಯ ಕಿಟಕಿಗೂ ಕೇಳಿಸುತ್ತಿತ್ತು. “ವಿಳಂಬಕ್ಕೆ ಈ ಕಾರಣ ಮಾನ್ಯವಾದುದಲ್ಲ. ಬೇರೆ ಕಾರಣ ನೀಡಿ.”

“ಬ್ಯಾರೆ ಕಾರಣ ಇಲ್ಲ ಸ್ವಾಮಿ,” ಎಂದ ಚಾಲಕ, ಯಂತ್ರಕ್ಕೆ ಕೈ ಮುಗಿಯುವ ಹಾಗೆ. “ಇರೋದು ಇದೊಂದೇ.”

“ಬೇರೆ ಕಾರಣ ನೀಡಿ.”

ಹೀಗೆ ಯಂತ್ರ ಕೇಳುತ್ತ, ಆತ ಅದನ್ನೇ ಹೇಳುತ್ತ ಬಹಳ ಹೊತ್ತಾಯಿತು. ಕೊನೆಗೆ ಸೂರ್ಯ ಮುಳುಗುವವರೆಗೆ ಕಾಲಾವಕಾಶ ಎಂದಿತು ನಿರ್ಣಯ. ಆಮೇಲೆ ಹೆಸರು ತೆಗೆಯಲಾಗುವುದು.

ಬಾಲಕ್ಕ ಬಂದವರಿಗೆಲ್ಲ ಮುದ್ದೆ ಸಾರು ತಂದುಕೊಟ್ಟಳು. ಈರಜ್ಜಿ ಕೂತಲ್ಲಿಂದ ಏಳಲಿಲ್ಲ. ಅತ್ತೆ ಕಾಯುತ್ತಿರುವುದು ದೇವರ ಕಟ್ಟಳೆಯನ್ನೋ ಸೊಸೆಯನ್ನೋ ಎಂದು ಸಿರಿಯಕ್ಕ ಕಿಟಕಿಯಿಂದ ನೋಡಿ ನೋಡಿ ಸೋತಳು. ಆ ಮುದುಕಿಯ ಬೆನ್ನು ಏನನ್ನೂ ಹೇಳುತ್ತಿರಲಿಲ್ಲ. ಈ ಗೋಡೆಯೊಳಗೆ ಕೂತು ಎಷ್ಟೋ ಸಲ ಅದೇ ಬೆನ್ನನ್ನು ಶಪಿಸಿದ್ದಳು ಅವಳು. ಚಳಿಯಲ್ಲಿ, ಎಳೆಗೂಸನ್ನು ಒಡಲಿಗೆ ಕಟ್ಟಿಕೊಂಡು.

ಹೊತ್ತು ವಾಲಿತು. ಹುಣಿಸೆಯ ನೆರಳು ಗಾಡಿಯನ್ನು ದಾಟಿ ಬೇಲಿಗೆ ಬಂತು. ಪೆಟ್ಟಿಗೆಯೊಳಗೆ ತಸ್ನೀಮ್ ಕೆಮ್ಮಿದ ಸದ್ದಾಯಿತು.

“ಸಿರಿಯಮ್ಮ. ಇದ್ದೀರಾ? ಗಾಡಿ ಹತ್ತಿಲ್ಲ ತಾನೆ?”

“ಇದೀನಿ ತಾಯಿ.”

“ಇಳಿದಿವೆ.” ಎಂದಳು ತಸ್ನೀಮ್. “ಮಧ್ಯಾಹ್ನದಿಂದ ನೋಡ್ತಿದ್ದೀನಿ. ನಂಬಿಕೆಯಾಗದೆ ಮತ್ತೆ ಮತ್ತೆ ಅಳೆದೆ. ಕೂದಲೆಳೆಯಷ್ಟೇ. ಆದರೆ ಎಲ್ಲವೂ ಒಟ್ಟಿಗೆ, ಎರಡೂ ಕಡೆಯವು. ಕ್ಯಾನ್ಸರಿಗೆ ಇಂಥ ಶಿಸ್ತು ಇರೋದಿಲ್ಲ. ಸೂಜಿಯಲ್ಲಿ ತೆಗೆದಿದ್ದ ಹಳೇ ಚೂರನ್ನೂ ಹೊರಗೆ ತೆಗೆಸಿದೆ. ಹೆಣ್ಣಿನ ಹಾರ್ಮೋನು ಕೂರೋ ಗುರುತು ಅದರ ಮೇಲೆಲ್ಲ ಇದೆ. ಯಾರೂ ಹುಡುಕಿರಲಿಲ್ಲ, ಅಷ್ಟೇ. ನಿರ್ಣಯ ಒಪ್ಪಿತು. ಆದೇಶ ರದ್ದಾಗಿದೆ.”

ಸಿರಿಯಕ್ಕ ನೆಲಕ್ಕೆ ಕೂತುಬಿಟ್ಟಳು. “ಈ ಸಲ ನನ್ನ ಎದೇನೇ ತಾನೆ ತಾಯಿ?”

“ನಿಮ್ಮದೇ. ಕೆಮ್ಮಿನ ಸಮೇತ.”

ಹೊರಗೆ ಗಾಡಿಯ ಫೋನು ಏನೋ ಹೇಳಿತು. ಚಾಲಕ ಎದ್ದು, ಈರಜ್ಜಿಯ ಕಡೆ ದೂರದಿಂದಲೇ ಕೈ ಮುಗಿದು, ಸ್ಟ್ರೆಚರನ್ನು ಒಳಕ್ಕೆ ತಳ್ಳಿ ಬಾಗಿಲು ಹಾಕಿದ. ಗಾಡಿ ಬಂದ ದಾರಿಯಲ್ಲೇ ಖಾಲಿಯಾಗಿ ತಿರುಗಿತು.

ಧೂಳು ಕೂತ ಮೇಲೆ ಅತ್ತೆ ಕೇಳಿದಳು. “ಏನಂತೆ?”

“ಕ್ಯಾನ್ಸರ್ ಅಲ್ಲವಂತೆ ಅತ್ಯಮ್ಮ. ಗರ್ಭದ ಗಡ್ಡೆನೇ ಅಂತೆ. ದಾರಿ ತಪ್ಪಿ ಎದೇಲಿ ಬಂದು ಕೂತೈತಂತೆ. ನಾನು ಹೊರಗಾದಾಗ ಅದೂ ಇಳೀತದಂತೆ.”

ಈರಜ್ಜಿ ಯೋಚಿಸಿದಳು. “ಹಂಗಾದ್ರೆ ನಿನ್ನ ಎದೇನೂ ಹೊರಗಾಗ್ತದೆ ಅನ್ನು. ಎಂಥ ಹೆಂಗಸೇ ನೀನು, ಒಂದು ಕಡೆ ಸಾಲ್ದು ಅಂತ!”

ಸಿರಿಯಕ್ಕನಿಗೆ ನಗು ನುಗ್ಗಿ ಬಂತು, ನಗುವಿನ ಹಿಂದೆ ಕೆಮ್ಮು, ಕೆಮ್ಮಿನ ಹಿಂದೆ ಅಳು. ಮೂರೂ ಮುಗಿಯುವವರೆಗೆ ಅತ್ತೆ ಕಾದಳು.

“ಇನ್ನು ಸೂಜಿ ಹಾಕ್ತಾರಂತೆ,” ಎಂದಳು ಸಿರಿಯಕ್ಕ ಕಣ್ಣೊರೆಸಿಕೊಂಡು. “ಹಾಕಿದ ಮೇಲೆ ನಂಗೆ ಮುಟ್ಟು ಬರಾಕಿಲ್ಲವಂತೆ. ಇಲ್ಲಿಗೆ ಬರೋದು ಇದೇ ಕೊನೆ.”

ಮುದುಕಿ ತಕಲಿಯನ್ನು ಮಡಿಲಲ್ಲಿಟ್ಟುಕೊಂಡಳು. ಹಟ್ಟಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು.

“ನಂಗೆ ನಿಂತಾಗ ನಾನು ಅತ್ತಿದ್ದೆ ಕಣೆ. ಯಾರಿಗೂ ಹೇಳಿಲ್ಲ. ಈ ಜಾಗಾನ ಬಯ್ಯದ ದಿನ ಇರ್ಲಿಲ್ಲ. ಹಾವು ಬಂದಿತ್ತು ಒಂದು ಸಲ, ಗುಡಿಸಲು ಸೋರ್ತಿತ್ತು. ಆದ್ರೂ ತಿಂಗಳಿಗೆ ಮೂರು ದಿವಸ, ಈರೀ ಹಿಟ್ಟು ಬೀಸು, ಈರೀ ನೀರು ತಾ ಅನ್ನೋರು ಇರ್ಲಿಲ್ಲ. ನಿಂತ ಮೇಲೆ ಒಂದು ದಿವಸಾನೂ ಯಾರೂ ಬಿಡಲಿಲ್ಲ.”

ಸಿರಿಯಕ್ಕ ಎದ್ದಳು. ಒಳಗಿನಿಂದ ಚಾಪೆ ತಂದು ಹೊಸ್ತಿಲಿಗೆ ಹಾಕಿಕೊಂಡು ಕೂತಳು.

“ಮನೇಗೆ ಹೋಗು ಅತ್ಯಮ್ಮ. ಬೆಳಗ್ಗಿಂದ ಕೂತಿದೀಯ. ಬಾಲಿ ಒಬ್ಳೇ ರೊಪ್ಪಕ್ಕೆ ಕುರಿ ಕೂಡಬೇಕು.”

“ಕೂಡ್ಲಿ ಬಿಡು,” ಎಂದಳು ಈರಜ್ಜಿ. “ಕರೆದ್ರೆ ಕರೀಲಿ.”

ಹಟ್ಟಿಯೊಳಗಿಂದ ಬಾಲಕ್ಕ ಕರೆದಳು. ಈರಜ್ಜಿಯೂ ಓಗೊಡಲಿಲ್ಲ, ಸಿರಿಯಕ್ಕನೂ ಓಗೊಡಲಿಲ್ಲ.